ತಿರುಳಿನ ಹಲಗೆ

ಆ ಮನೆಯಲ್ಲಿ ಮರ ಒಣಗಿದೆಯೋ ಇಲ್ಲವೋ ಎಂದು ಹೇಳುವ ಅಧಿಕಾರ ಮೇಸ್ತ್ರಿಯ ಬಲಗೈಗೆ ಮಾತ್ರ ಇತ್ತು. ಹಲಗೆಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, ಎರಡು ಉಸಿರು ಬಿಡುವಷ್ಟು ಹೊತ್ತು ನಿಲ್ಲುತ್ತಿದ್ದ. ತಣ್ಣಗಿದ್ದರೆ ಒಳಗೆ ನೀರಿದೆ, ಬೆಚ್ಚಗಿದ್ದರೆ ಒಣಗಿದೆ. ನಲವತ್ತು ವರ್ಷ ಆ ಕೈ ಸುಳ್ಳು ಹೇಳಿರಲಿಲ್ಲ. ಹೇಳಿದ್ದರೂ ಯಾರಿಗೂ ಗೊತ್ತಾಗಿರಲಿಲ್ಲ, ಎರಡೂ ಒಂದೇ.

ಮುಂದೆ ಮೂರು ಕೋಣೆಯ ಮನೆ, ಹಿಂದೆ ತಗಡಿನ ಕಾರ್ಖಾನೆ. ಫಲ ನಿಂತುಹೋದ ತಾಳೆ ಮರಗಳನ್ನು ಕಡಿಸಿ ತಂದು ಹಲಗೆ ಕೊಯ್ಯುವುದು ಅವರ ಕಸುಬು. ಬೇರೆ ಮರಗಳಿಗೆ ಒಳಗೆ ಗಟ್ಟಿ, ಹೊರಗೆ ಮೆತ್ತಗೆ. ತಾಳೆ ತಿರುಗಾಮುರುಗಾ. ಹೊರಗಿನ ಮೂರು ಬೆರಳು ದಪ್ಪ ಕಬ್ಬಿಣದ ಹಾಗೆ, ಒಳಗಿನ ತಿರುಳು ಉಗುರಿನಿಂದ ಕೆರೆದರೆ ಉದುರುತ್ತದೆ. ಮೇಸ್ತ್ರಿ ಹೊರಗಿನದನ್ನು ಮಾರಿ ತಿರುಳನ್ನು ಹಿತ್ತಲಲ್ಲಿ ರಾಶಿ ಹಾಕುತ್ತಿದ್ದ. ಒಲೆಗೂ ಬರುತ್ತಿರಲಿಲ್ಲ, ಉರಿಗಿಂತ ಹೊಗೆ ಜಾಸ್ತಿ. ಅವನ ಹೆಂಡತಿ ಮಗನ ಮುಂದೆ ಆ ರಾಶಿಗೆ ನಿಮ್ಮ ಅಪ್ಪನ ಆಸ್ತಿ ಎಂದು ಹೆಸರಿಟ್ಟಿದ್ದಳು.

ಆ ಆಸ್ತಿಗೆ ಬೆಲೆ ತಂದವಳು ಸೊಸೆ. ಮದುವೆಗೆ ಮೊದಲೂ ಆಮೇಲೂ ಹತ್ತು ವರ್ಷ ಅವಳು ದೋಣಿ ಕಟ್ಟುವ ಕಾರ್ಖಾನೆಯಲ್ಲಿ ರಾಳ ಕಲಸುವ ಕೆಲಸ ಮಾಡಿದ್ದಳು. ಅದು ಮುಚ್ಚಿದಾಗ ಅಲ್ಲಿಂದ ಒಂದು ಹಳೆಯ ಉಕ್ಕಿನ ತೊಟ್ಟಿ, ಗಾಳಿ ಎಳೆಯುವ ಪಂಪು ಮತ್ತು ಮರದ ತೇವ ಅಳೆಯುವ ಮೀಟರು ತಂದಳು. ತಿರುಳಿನ ಹಲಗೆ ಕೊಯ್ದುಕೊಡಿ ಎಂದು ಮಾವನನ್ನು ಕೇಳಿದಳು. ಹುಡುಗಿಗೆ ಕೆಲಸ ಹೋಗಿ ತಲೆ ಕೆಟ್ಟಿದೆ ಎಂದುಕೊಂಡೇ ಅವನು ಕೊಯ್ದುಕೊಟ್ಟ. ಅವಳು ಅದನ್ನು ಒಣಗಿಸಿ, ತೊಟ್ಟಿಯಲ್ಲಿಟ್ಟು ಮುಚ್ಚಿ, ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಎಳೆದು, ಕಂದು ಬಣ್ಣ ಬೆರೆಸಿದ ರಾಳ ಬಿಟ್ಟಳು. ಗಾಳಿ ಇದ್ದ ಪ್ರತಿ ತೂತಿಗೂ ರಾಳ ಹೋಯಿತು. ಆಮೇಲೆ ಬಿಸಿ ಪೆಟ್ಟಿಗೆಯಲ್ಲಿ ಹತ್ತು ಗಂಟೆ ಇಟ್ಟು ತೆಗೆದಳು. ಮೇಸ್ತ್ರಿ ಅದಕ್ಕೊಂದು ಮೊಳೆ ಹೊಡೆದ. ಮೊಳೆ ಬಗ್ಗಿತು. ಇನ್ನೊಂದು ಹೊಡೆದ. ಅದೂ ಬಗ್ಗಿತು. ಏನೂ ಹೇಳದೆ ಊಟಕ್ಕೆ ಬಂದು ಒಂದು ಸೌಟು ಅನ್ನ ಹೆಚ್ಚು ಹಾಕಿಸಿಕೊಂಡ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರಿಗೂ ಸಿಕ್ಕಿರಲಿಲ್ಲ.

ಜಗಳ ಹುಟ್ಟಿದ್ದು ಮೀಟರಿನಿಂದ. ಅದಕ್ಕೆ ಎರಡು ಸೂಜಿ, ಹಲಗೆಗೆ ಚುಚ್ಚಿದರೆ ನೀರಿನ ಅಂಶ ನೂರಕ್ಕೆ ಇಷ್ಟು ಎಂದು ತೋರಿಸುತ್ತದೆ. ಹನ್ನೆರಡರ ಕೆಳಗಿದ್ದರೆ ಮಾತ್ರ ರಾಳ ಒಳಗೆ ಹೋಗುತ್ತದೆ. ನೀರು ಕೂತ ಜಾಗದಲ್ಲಿ ರಾಳ ಕೂರುವುದಿಲ್ಲ. ಮೇಸ್ತ್ರಿ ಅದನ್ನು ಮರಕ್ಕೆ ಜ್ವರ ನೋಡೋ ಕಡ್ಡಿ ಎಂದು ತಮಾಷೆ ಮಾಡುತ್ತಿದ್ದ. ತಮಾಷೆ ಎಷ್ಟು ದಿನ ನಡೆಯುತ್ತದೆ? ಒಂದು ದಿನ ಮರದ ಅಡ್ಡೆಯವರು ನಾಲ್ಕು ಜನ ಕಾರ್ಖಾನೆಯಲ್ಲಿ ನಿಂತಿದ್ದಾಗ ಅವನು ಕೈ ಇಟ್ಟು ಒಣಗಿದೆ ಎಂದ. ಸೊಸೆ ಸೂಜಿ ಚುಚ್ಚಿ ಇಪ್ಪತ್ತೆರಡು ಎಂದಳು. ಬಂದವರು ನಕ್ಕರು.

ಅವತ್ತು ರಾತ್ರಿ ಊಟದ ಮೇಜಿನಲ್ಲಿ ಅವನು ಬೇಳೆಗೆ ಉಪ್ಪಿಲ್ಲ ಎಂದ, ನೀರು ಬಿಸಿಯಾಗಿದೆ ಎಂದ, ಮೊಮ್ಮಗಳು ಕುರ್ಚಿ ಎಳೆದ ಸದ್ದಿಗೆ ಬೈದ. ಕೊನೆಗೆ ಸೊಸೆಯ ಕಡೆ ನೋಡದೆ ಹೇಳಿದ: "ನಾಳೆಯಿಂದ ನನಗೂ ಒಂದು ಸೂಜಿ ಚುಚ್ಚು. ಬದುಕಿದೀನೋ ಸತ್ತಿದೀನೋ ನೋಡು."

ಮಗ ನಗಲು ಹೋಗಿ ತಟ್ಟೆಗೆ ಬಗ್ಗಿದ. ಪಾತ್ರೆ ತೊಳೆಯುವಾಗ ಅತ್ತೆ ಸೊಸೆಯ ಪಕ್ಕ ನಿಂತು, ಆ ಮೀಟರನ್ನು ಸ್ವಲ್ಪ ದಿನ ಒಳಗಿಡು, ಅವರ ಕೈ ಹೇಳಿದ್ದನ್ನೇ ಕೇಳು, ಮನೆಯಲ್ಲಿ ನೆಮ್ಮದಿ ಇರಲಿ ಎಂದಳು. ಸೊಸೆ ಮೀಟರನ್ನು ಬಟ್ಟೆಯ ಬೀರುವಿನಲ್ಲಿ ಚಾದರಗಳ ಕೆಳಗಿಟ್ಟಳು. ಅವಳು ಮಾಡಿದ ತಪ್ಪು ಅದು. ಬೇರೆ ಯಾರ ತಲೆಗೂ ಅದನ್ನು ಕಟ್ಟುವ ಹಾಗಿಲ್ಲ.

ಆ ಹೊತ್ತಿಗೇ ಮಗ ವಾಚನಾಲಯದ ಕೆಲಸ ಹಿಡಿದು ತಂದ. ಅವನ ಪಾಲಿಗೆ ಬಂದದ್ದು ಗಾಡಿ ಓಡಿಸುವುದು, ಗಿರಾಕಿ ಹುಡುಕುವುದು, ಗರಗಸದ ಮುಂದೆ ನಿಲ್ಲುವುದು. ವಾಚನಾಲಯದ ಒಳಮೆಟ್ಟಿಲಿಗೆ ಕಬ್ಬಿಣದ ಚೌಕಟ್ಟು ಇತ್ತು, ಹಲಗೆ ಹುಳ ಹಿಡಿದಿತ್ತು. ಹದಿನಾಲ್ಕು ಮೆಟ್ಟಿಲು, ಎಲ್ಲ ತಿರುಳಿನ ಹಲಗೆಯಲ್ಲೇ ಆಗಬೇಕು. ಇಲ್ಲಿಯವರೆಗೆ ಅವರು ಕಪಾಟಿನ ಹಲಗೆ, ಸ್ಟೂಲು, ಬಾಗಿಲ ಚೌಕಟ್ಟು ಅಷ್ಟೇ ಮಾಡಿದ್ದರು. ಜನ ಕಾಲಿಡುವ ಜಾಗಕ್ಕೆ ಇದೇ ಮೊದಲು. ಇದು ನಿಂತರೆ ಆಸ್ಪತ್ರೆ, ಶಾಲೆ ಎಲ್ಲ ಕಡೆ ಮಾತಾಡಬಹುದು ಎಂದು ಮಗ ಮೂರು ಸಲ ಹೇಳಿದ. ಸೊಸೆಗೆ ಹೇಳುವ ಅಗತ್ಯ ಇರಲಿಲ್ಲ. ಈ ಮನೆಯಲ್ಲಿ ತನ್ನದು ಅಂತ ಇದ್ದದ್ದು ಆ ತೊಟ್ಟಿ ಒಂದೇ, ಅದರ ಹಣೆಬರಹ ಆ ಹದಿನಾಲ್ಕು ಮೆಟ್ಟಿಲ ಮೇಲೆ ನಿಂತಿದೆ ಎಂದು ಅವಳಿಗೆ ಗೊತ್ತಿತ್ತು.

ಎಂಟು ಉದ್ದ ಹಲಗೆ ಕೊಯ್ದು ಆರು ವಾರ ನೆರಳಲ್ಲಿ ಒಣಗಿಸಿದರು. ಮೇಸ್ತ್ರಿ ಒಂದೊಂದರ ಮೇಲೂ ಕೈ ಇಟ್ಟ. ಈ ಸಲ ಎರಡು ಉಸಿರಲ್ಲ, ಐದಾರು ಉಸಿರು ನಿಂತ. ಎಂಟೂ ಆಗಿದೆ ಎಂದ. ಸೊಸೆ ತೊಟ್ಟಿಗೆ ಹಾಕುವ ಮೊದಲು ತೂಕ ಮಾಡಿದಳು. ಒಣ ಹಲಗೆ ಆರು ಕಿಲೋ ಇರಬೇಕಿತ್ತು, ಒಂಬತ್ತು ಇತ್ತು. ಮರದ ಬುಡದ ಕಡೆಯ ಹಲಗೆ ಇರಬೇಕು, ಬುಡ ತೂಕ ಜಾಸ್ತಿ ಎಂದುಕೊಂಡಳು. ಒಣ ಹಲಗೆ ತನ್ನ ತೂಕದಷ್ಟೇ ರಾಳ ಕುಡಿಯುತ್ತದೆ, ಇವು ಹೊರಬಂದಾಗ ಹನ್ನೊಂದೂ ಮುಟ್ಟಲಿಲ್ಲ. ಈ ಡಬ್ಬದ ರಾಳ ಮಂದ ಇರಬೇಕು ಎಂದುಕೊಂಡಳು. ಬೀರುವಿನವರೆಗೆ ಹೋಗಿ ಬರಲು ಇಪ್ಪತ್ತು ಹೆಜ್ಜೆ. ಹೋಗಲಿಲ್ಲ.

ಮಗ ಏಳು ಹಲಗೆಯನ್ನು ನಡುವೆ ಕೊಯ್ದು ಹದಿನಾಲ್ಕು ಮಾಡಿದ. ಅಪ್ಪ ಮಗ ಸೇರಿ ಎರಡು ದಿನದಲ್ಲಿ ಕೂರಿಸಿ ಬಂದರು. ವಾಚನಾಲಯದ ಮೇಡಂ ಹತ್ತಿ ಇಳಿದು, ಕಿರುಗುಟ್ಟುವುದೇ ಇಲ್ಲ ಎಂದು ಮೆಚ್ಚಿಕೊಂಡರಂತೆ. ಉಳಿದ ಎಂಟನೆಯ ಹಲಗೆಯಲ್ಲಿ ಮಗ ಅರ್ಧವನ್ನು ಚೌಕ ಚೌಕ ಕತ್ತರಿಸಿ, ಅಂಚಿಗೆ ರಾಳ ಬಳಿದು, ಬಿಸಿ ಪಾತ್ರೆ ಇಡಲು ಅಮ್ಮನಿಗೆ ಕೊಟ್ಟ.

ಎರಡು ವಾರ ಹೋಯಿತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಅತ್ತೆ ಕುಕ್ಕರನ್ನು ಒಲೆಯಿಂದ ನೇರ ತಂದು ಆ ಚೌಕದ ಮೇಲಿಟ್ಟಳು. ಮೊಟ್ಟೆ ಬಡಿಸಿ, ಅನ್ನ ಬಡಿಸಿ, ತಾನೂ ಕೂರುವ ಹೊತ್ತಿಗೆ ಚಟ್ ಎಂದು ಸದ್ದಾಯಿತು. ಹಲಗೆಯ ಅಂಚು ಬಿರಿದು ಮೇಜಿನ ಮೇಲೆ ಕಂದು ನೀರು ಹರಿಯಿತು. ಹುಳಿ ವಾಸನೆ ಬಂತು.

ಅತ್ತೆ ಬಟ್ಟೆ ತಂದು ಒರೆಸುತ್ತ, ಏನಿದು ಹಲಗೆ ಬೆವರುತ್ತಿದೆ ಎಂದಳು.

ಸೊಸೆ ಕುಕ್ಕರ್ ಎತ್ತಿ ಪಕ್ಕಕ್ಕಿಟ್ಟಳು. ಬಿರುಕಿಗೆ ಚಾಕು ಹಾಕಿ ತಿರುಗಿಸಿದಳು. ಹಲಗೆ ಎರಡಾಯಿತು. ಹೊರಗೆ ಬೆರಳಿನ ಕಾಲು ಭಾಗದಷ್ಟು ದಪ್ಪ ಕಂದು, ಗಾಜಿನ ಹಾಗೆ ಗಟ್ಟಿ. ಒಳಗೆಲ್ಲ ಬಿಳಿ, ಒದ್ದೆ, ಅಲ್ಲಲ್ಲಿ ಬೂಷ್ಟಿನ ಕಪ್ಪು ಚುಕ್ಕೆ. ಅವಳು ಎರಡೂ ತುಂಡನ್ನು ತಟ್ಟೆಯ ಪಕ್ಕ ಇಟ್ಟು ಗಂಡನನ್ನು ಕೇಳಿದಳು.

"ಮೆಟ್ಟಿಲಿಗೆ ಕೊಯ್ದಾಗ ನಡುವೆ ಯಾವ ಬಣ್ಣ ಇತ್ತು?"

"ಸ್ವಲ್ಪ ಬಿಳಿ ಇತ್ತು."

"ಸ್ವಲ್ಪ ಅಂದ್ರೆ?"

ಅವನು ಲೋಟಕ್ಕೆ ನೀರು ಬಗ್ಗಿಸಿಕೊಂಡ. "ಅಂಗೈ ಅಗಲ."

"ಎಲ್ಲದರಲ್ಲೂ?"

"ಅಂಚಿಗೆ ರಾಳದ ಬ್ರಶ್ ಹೊಡೆದೆ. ಹೊರಗೆ ಕಾಣಲ್ಲ."

"ಕಾಣಲ್ಲ ಅಂತ ನಾನು ಕೇಳಿದ್ನಾ?"

ಮೇಸ್ತ್ರಿ ಅನ್ನ ಕಲಸುತ್ತಲೇ ಹೇಳಿದ: "ಮರ ಒಣಗಿತ್ತು. ನಾನು ನೋಡಿದೀನಿ."

"ಕೈ ಇಟ್ಟು ನೋಡಿದ್ರಿ, ಮಾವ."

"ಮತ್ತೆ ಕಾಲಿಟ್ಟು ನೋಡಬೇಕಿತ್ತಾ?"

ಹತ್ತು ವರ್ಷದ ಪುಟ್ಟಿ ಮೊಟ್ಟೆಯ ಹಳದಿಯನ್ನು ಬೇರೆ ಮಾಡುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಅಜ್ಜನ ಕೈಗೆ ಬಿಸಿ ಗೊತ್ತಾಗಲ್ಲ. ಅವತ್ತು ಇಸ್ತ್ರಿ ಪೆಟ್ಟಿಗೆ ಮೇಲೆ ಕೈ ಇಟ್ಕೊಂಡು ಕೂತಿದ್ರು. ನಾನೇ ಎತ್ತಿದ್ದು. ಯಾರಿಗೂ ಹೇಳಬೇಡ ಅಂತ ಚಾಕಲೇಟ್ ಕೊಟ್ರು."

ಬಾಯಿ ಮುಚ್ಚಿಕೊಂಡು ತಿನ್ನು ಎಂದು ಅತ್ತೆ ಗದರಿದಳು. ಆಮೇಲೆ ಯಾರ ಮುಖವನ್ನೂ ನೋಡದೆ, ಒದ್ದೆ ಬಟ್ಟೆ ಹಿಂಡುತ್ತ, "ಮೂರು ತಿಂಗಳಿಂದ ಇವರ ಅಂಗಿ ಗುಂಡಿ ನಾನೇ ಹಾಕ್ತಿದೀನಿ" ಎಂದಳು.

ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ತುಂಡು ಗೊತ್ತಿತ್ತು. ಪುಟ್ಟಿಗೆ ಇಸ್ತ್ರಿ ಪೆಟ್ಟಿಗೆ, ಅತ್ತೆಗೆ ಗುಂಡಿ, ಮಗನಿಗೆ ಬಿಳಿ ಬಣ್ಣ. ತೂಕ ಸರಿ ಇಲ್ಲ ಅಂತ ನನಗೂ ಗೊತ್ತಾಗಿತ್ತು ಎಂದು ಸೊಸೆ ತನ್ನದನ್ನೂ ಹೇಳಿದಳು.

ಮೇಸ್ತ್ರಿ ಬಲಗೈಯನ್ನು ತಿರುಗಿಸಿ ನೋಡಿಕೊಂಡ. ಬೆರಳಿನ ತುದಿಗಳಲ್ಲಿ ಸುಟ್ಟ ಗುರುತು ಎರಡಿತ್ತು. ನೋವಿನ ಮುಖ ಮಾಡಲಿಲ್ಲ. ನೋವೇ ಇರಲಿಲ್ಲ.

"ಅಂಗೈ ಹುಣ್ಣಿಗೆ ಕನ್ನಡಿ ಹಿಡಿದಿದ್ದು ಆಯ್ತಲ್ಲ," ಎಂದ. "ಊಟ ಮಾಡಿ."

ಎಲ್ಲರೂ ಊಟ ಮಾಡಿದರು. ಅವನು ಮಜ್ಜಿಗೆ ಕೂಡ ಕೇಳಿ ಹಾಕಿಸಿಕೊಂಡ.

ಮಾರನೆಯ ದಿನ ಬೆಳಿಗ್ಗೆ ಚಹಾ ಕುಡಿದು, ಮರದ ಅಡ್ಡೆಗೆ ಹೋಗಿ ಬರುತ್ತೇನೆ ಎಂದು ಹೇಳಿ ಹೊರಟ. ಬಂದದ್ದು ಕತ್ತಲಾಗುವಾಗ. ಊಟ ಮಾಡಿದ, ಮಲಗಿದ. ಅದರ ಮರುದಿನವೂ ಹಾಗೇ. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಸದ್ದು ಎಂದರೆ ನಲ್ಲಿ ನೀರು, ಪಾತ್ರೆ, ಪುಟ್ಟಿಯ ಮಗ್ಗಿ. ತೊಟ್ಟಿಯ ಮುಚ್ಚಳ ತೆರೆದೇ ಇತ್ತು, ಅದರೊಳಗೆ ಒಂದು ಬೆಕ್ಕು ಮಲಗತೊಡಗಿತು.

ಗಂಡ ಹೆಂಡತಿ ಹಿತ್ತಲಲ್ಲಿ ಬಟ್ಟೆ ಹರವುತ್ತ ಮಾತಾಡಿದರು. ಅವನ ವಾದ ಇಷ್ಟು: ಮೇಲಿನ ಪದರ ಗಟ್ಟಿ ಇದೆ, ಎರಡು ವರ್ಷ ಏನೂ ಆಗುವುದಿಲ್ಲ. ಈಗ ನಾವೇ ಹೋಗಿ ಹೇಳಿದರೆ ತಿರುಳಿನ ಹಲಗೆಯನ್ನು ಇನ್ನು ಯಾರೂ ಮುಟ್ಟುವುದಿಲ್ಲ. ಅಪ್ಪನ ಹೆಸರು ಹೋಗುತ್ತದೆ, ನಿನ್ನ ತೊಟ್ಟಿಯೂ ಹೋಗುತ್ತದೆ. ಎರಡು ವರ್ಷ ಆದ ಮೇಲೆ ನೋಡೋಣ.

"ಎರಡು ವರ್ಷ ಆದ ಮೇಲೆ ಬೀಳೋರು ನಿಧಾನಕ್ಕೆ ಬೀಳ್ತಾರಾ?"

"ಮಾತಿಗೇನು ಕಮ್ಮಿ. ತೊಟ್ಟಿ ಹೋದ್ರೆ ಏನು ಮಾಡ್ತೀಯ ಹೇಳು."

"ಬಟ್ಟೆ ನೆನೆಸ್ತೀನಿ ಅದರಲ್ಲಿ," ಎಂದಳು. ಒದ್ದೆ ಚಾದರದ ಇನ್ನೊಂದು ತುದಿ ಅವನ ಕೈಗೆ ಕೊಟ್ಟಳು. ಇಬ್ಬರೂ ಹಿಂಡಿದರು.

ಅತ್ತೆಯದು ಬೇರೆ ಮಾತು. ಹೇಳಬೇಕಾದ್ದು ಹೌದು, ಆದರೆ ಅವರೇ ಹೇಳಲಿ. ನಲವತ್ತು ವರ್ಷದ ಮೇಸ್ತ್ರಿಯನ್ನು ಸೊಸೆ ಹೋಗಿ ಪರರ ಮುಂದೆ ಕೆಡವಿದಳು ಅನ್ನುವುದು ಬೇಡ. ಎಷ್ಟು ದಿನ ಕಾಯಲಿ ಎಂದು ಸೊಸೆ ಕೇಳಿದಳು. ಅತ್ತೆ ಬೀನ್ಸ್ ನಾರು ತೆಗೆಯುತ್ತ ಕೂತಳು.

ಮೂರನೆಯ ದಿನ ಸಂಜೆ ಸೊಸೆ ಎಂಟನೆಯ ಹಲಗೆಯ ಉಳಿದ ಅರ್ಧವನ್ನು ಎರಡು ಇಟ್ಟಿಗೆ ಸಾಲಿನ ಮೇಲೆ ಮೆಟ್ಟಿಲಿನ ಹಾಗೇ ಇಟ್ಟಳು. ಮರಳಿನ ಚೀಲ ಒಂದೊಂದಾಗಿ ಹೇರಿದಳು. ಸರಿಯಾಗಿ ರಾಳ ಕುಡಿದ ಹಲಗೆ ಹನ್ನೆರಡು ಚೀಲ ಹೊತ್ತದ್ದನ್ನು ಅವಳು ನೋಡಿದ್ದಳು. ಇದು ನಾಲ್ಕಕ್ಕೆ ಬಗ್ಗಿತು, ಐದನೆಯದಕ್ಕೆ ಮುರಿಯಿತು. ದೊಡ್ಡ ಸದ್ದೂ ಬರಲಿಲ್ಲ, ಬ್ರೆಡ್ಡು ಮುರಿದ ಹಾಗೆ. ಗಂಡ ಗಾಡಿ ತೊಳೆಯುತ್ತಿದ್ದವನು ಅದನ್ನು ನೋಡಿದ. ನಲ್ಲಿ ನಿಲ್ಲಿಸಿ ಒಳಗೆ ಹೋದ. ಐದು ಚೀಲ ಎಂದರೆ ದಪ್ಪನೆಯ ಇಬ್ಬರು. ವಾಚನಾಲಯದ ಮಹಡಿಯಲ್ಲಿ ಪತ್ರಿಕೆ ಓದುವ ಕೋಣೆ ಇತ್ತು, ಬೆಳಿಗ್ಗೆ ಮುದುಕರೆಲ್ಲ ಒಬ್ಬರನ್ನೊಬ್ಬರು ಹಿಡಿದುಕೊಂಡು ಹತ್ತುತ್ತಿದ್ದರು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಎಂದಿನಂತೆ ಅಡ್ಡೆಗೆ ಎಂದು ಹೋದ ಮೇಲೆ ಅವಳು ಪುಟ್ಟಿಗೆ ಜಡೆ ಹಾಕಿ, ಡಬ್ಬಿ ಕಟ್ಟಿ ಶಾಲೆಗೆ ಕಳಿಸಿದಳು. ಮುರಿದ ತುಂಡನ್ನು ಚೀಲದಲ್ಲಿ ಹಾಕಿಕೊಂಡಳು. ಸ್ಕ್ರೂ ಬಿಚ್ಚುವ ಡ್ರಿಲ್ ತೆಗೆದುಕೊಂಡಳು. ವಾಚನಾಲಯಕ್ಕೆ ಹೋಗ್ತೀನಿ ಎಂದು ಅತ್ತೆಗೆ ಹೇಳಿದಳು. ಅತ್ತೆ, ಚಹಾ ಕುಡಿದು ಹೋಗು ಎಂದಳು. ನಿಂತೇ ಕುಡಿದು ಹೊರಟಳು.

ವಾಚನಾಲಯದ ಮೆಟ್ಟಿಲಿಗೆ ಅಡ್ಡ ಒಂದು ಹಗ್ಗ ಕಟ್ಟಿತ್ತು. ಹಗ್ಗದ ಹಿಂದೆ, ಕೆಳಗಿನ ಮೆಟ್ಟಿಲ ಮೇಲೆ ಮೇಸ್ತ್ರಿ ಕೂತಿದ್ದ.

ಅವಳು ಅವನನ್ನು ನೋಡಿದಳು, ಅವನು ಅವಳ ಕೈಯಲ್ಲಿದ್ದ ಡ್ರಿಲ್ ನೋಡಿದ. ಮುದುಕರು ಕೆಳಗಿನ ಹಜಾರದಲ್ಲೇ ಬೆಂಚು ಹಾಕಿಕೊಂಡು ಪತ್ರಿಕೆ ಓದುತ್ತಿದ್ದರು.

ಮೇಡಂ ಬೀಗದ ಕೈ ಗೊಂಚಲು ಹಿಡಿದು ಬಂದರು. ಕಟ್ಟುನಿಟ್ಟಿನ ಹೆಂಗಸು, ಸಿಟ್ಟನ್ನು ದನಿ ಏರಿಸದೆ ತೋರಿಸುವವರು. ಪಾಲಿಶ್ ಹಸಿ ಇದೆ, ಯಾರೂ ಹತ್ತಬೇಡಿ ಎಂದು ಮೇಸ್ತ್ರಿ ಮೂರು ದಿನದಿಂದ ಬಾಗಿಲು ತೆರೆಯುವ ಮೊದಲೇ ಬಂದು ಕೂರುತ್ತಾರೆ, ಮುಚ್ಚುವವರೆಗೂ ಏಳುವುದಿಲ್ಲ, ಇದು ನಾಲ್ಕನೆಯ ದಿನ, ಎಂಥ ಪಾಲಿಶಮ್ಮ ಇದು ಎಂದು ಕೇಳಿದರು.

ಸೊಸೆ ಆ ಸುಳ್ಳನ್ನೇ ಹಿಡಿದುಕೊಳ್ಳಬಹುದಿತ್ತು. ಪಾಲಿಶ್ ಕೆಟ್ಟಿದೆ, ಬದಲಾಯಿಸುತ್ತೇವೆ ಎಂದರೆ ಮೇಡಂ ನಂಬುತ್ತಿದ್ದರು. ಮಾವನ ಹೆಸರೂ ಉಳಿಯುತ್ತಿತ್ತು, ತೊಟ್ಟಿಯೂ ಉಳಿಯುತ್ತಿತ್ತು. ಮೇಸ್ತ್ರಿ ನೆಲ ನೋಡುತ್ತಿದ್ದ. ಅವಳು ಚೀಲದಿಂದ ಮುರಿದ ತುಂಡು ತೆಗೆದು ಮೇಡಂ ಕೈಗೆ ಕೊಟ್ಟಳು.

"ಪಾಲಿಶ್ ಅಲ್ಲ ಮೇಡಂ. ಹಲಗೆ ಒಳಗೆ ಒದ್ದೆ ಇತ್ತು, ರಾಳ ಹೋಗಿಲ್ಲ. ಹದಿನಾಲ್ಕೂ ತೆಗೀಬೇಕು."

ಮೇಡಂ ತುಂಡನ್ನು ತಿರುಗಿಸಿ ನೋಡಿದರು. ಉಗುರಿನಿಂದ ಕೆರೆದರು. ಬಿಳಿ ಪುಡಿ ಉದುರಿತು. ಈ ಹಗ್ಗ ಕಟ್ಟುವ ಮೊದಲು ಎರಡು ವಾರ ಜನ ಹತ್ತಿ ಇಳಿದಿದ್ದಾರೆ, ಗೊತ್ತಾ ಎಂದರು. ಗೊತ್ತು ಎಂದಳು ಸೊಸೆ.

"ಒಣಗಿದೆ ಅಂತ ಹೇಳಿದ್ದು ಯಾರು?"

ಸೊಸೆ ಬಾಯಿ ತೆರೆದಳು. ನನ್ನ ಹತ್ತಿರ ಮೀಟರ್ ಇತ್ತು ಎಂದು ಶುರು ಮಾಡಿದಳು. ಮೇಸ್ತ್ರಿ ಅದನ್ನು ಮುಗಿಸಲು ಬಿಡಲಿಲ್ಲ.

"ನಾನು," ಎಂದ. "ಕೈಗೆ ಏನೂ ತಿಳಿಯಲ್ಲ ಮೇಡಂ. ಕಲ್ಲಿಟ್ಟರೂ ಒಂದೇ, ಕೆಂಡ ಇಟ್ಟರೂ ಒಂದೇ. ಗೊತ್ತಿದ್ದೂ ಹೇಳಿದೆ."

ಪತ್ರಿಕೆ ಓದುತ್ತಿದ್ದವರಲ್ಲಿ ಒಬ್ಬರು ಹಾಳೆ ಇಳಿಸಿ ನೋಡಿದರು. ಮೇಡಂ ತುಂಡನ್ನು ಬೆಂಚಿನ ಮೇಲಿಟ್ಟರು. ನಮ್ಮ ಸಮಿತಿಗೆ ಇದನ್ನೆಲ್ಲ ಬರೆದು ಕೊಡಬೇಕಾಗುತ್ತದೆ, ಹೊಸ ಹಲಗೆ ನಿಮ್ಮಿಂದಲೇ ಬೇಕೋ ಬೇಡವೋ ಅವರು ಹೇಳುತ್ತಾರೆ ಎಂದರು. ಒಂದು ವೇಳೆ ನಿಮ್ಮಿಂದಲೇ ಎಂದರೆ ಎಷ್ಟು ದಿನ ಬೇಕು ಎಂದು ಅಭ್ಯಾಸದಂತೆ ಮೇಸ್ತ್ರಿಯನ್ನೇ ಕೇಳಿದರು.

"ಇವಳನ್ನ ಕೇಳಿ," ಎಂದ. "ಇನ್ಮೇಲೆ ನನ್ನ ಕೇಳಬೇಡಿ."

ಹೇಳಿದ ರೀತಿಯಲ್ಲಿ ಸಿಟ್ಟೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಹೇಳುವ ಹಾಗೆ ಹೇಳಿದ. ಎರಡೂವರೆ ತಿಂಗಳು ಎಂದು ಸೊಸೆ ಹೇಳಿದಳು. ಮೇಡಂ ಬೀಗದ ಕೈ ಎಣಿಸುತ್ತ ಒಳಗೆ ಹೋದರು.

ಸೊಸೆ ಹಗ್ಗ ಬಿಚ್ಚಿ ಡ್ರಿಲ್ ಹಿಡಿದು ಕೆಳಗಿನ ಮೆಟ್ಟಿಲಿಗೆ ಬಗ್ಗಿದಳು.

"ಮೇಲಿಂದ ಶುರು ಮಾಡು," ಎಂದ ಮೇಸ್ತ್ರಿ. "ಕೆಳಗಿಂದ ಬಿಚ್ಚಿದ್ರೆ ಮೇಲೆ ಹೇಗೆ ಹೋಗ್ತೀಯ, ಹಾರ್ತೀಯಾ? ಅಂಚಿಗೆ ಕಾಲಿಡು, ಕಬ್ಬಿಣದ ಮೇಲೆ. ನಡುವೆ ಇಡಬೇಡ."

ಅವಳು ಅಂಚಿಗೆ ಕಾಲಿಡುತ್ತ ಹತ್ತಿದಳು. ಅವನು ಕೆಳಗಿಂದ ಒಂದೊಂದು ಹೆಜ್ಜೆಯನ್ನೂ ನೋಡಿದ. ಮೊದಲನೆಯ ಹಲಗೆ ಬಿಚ್ಚಿ ಅವಳು ಕೆಳಕ್ಕೆ ಜಾರಿಸಿದಳು. ಅವನು ಎದ್ದು ನಿಂತು, ಬೆರಳಿಗೆ ಬಿಡದೆ, ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡು ತೋಳಲ್ಲಿ ಅಪ್ಪಿ ಹಿಡಿದು ಗೋಡೆಗೆ ಒರಗಿಸಿದ. ಮತ್ತೆ ಬಂದು ಕೂತ. ಎರಡನೆಯದಕ್ಕೆ ಎದ್ದ, ಇಟ್ಟ, ಕೂತ. ಏಳೆಂಟು ಆಗುವಾಗ ಅಂಗಿಯ ಮುಂಭಾಗವೆಲ್ಲ ಧೂಳಾಯಿತು. ಡ್ರಿಲ್ಲಿನ ಸದ್ದು, ಸ್ಕ್ರೂ ಬೀಳುವ ಸದ್ದು, ಪತ್ರಿಕೆಯ ಹಾಳೆ ತಿರುವುವ ಸದ್ದು. ಹನ್ನೊಂದೂವರೆಗೆ ಮಗ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ. ಅಮ್ಮ ಕಳಿಸಿದ್ದಿರಬೇಕು. ಒರಗಿಸಿದ್ದ ಹಲಗೆಗಳನ್ನು ಹೊರತೊಡಗಿದ.

ಹದಿಮೂರು ಹಲಗೆ ಗಾಡಿ ಸೇರಿತು. ಚೌಕಟ್ಟಿನ ಕಬ್ಬಿಣ ಬರಿದಾಗಿ ನಿಂತಿತು. ಸೊಸೆ ಕೆಳಗೆ ಬಂದು ನೆಲಕ್ಕೆ ಮೊಣಕಾಲೂರಿ ಡ್ರಿಲ್ ಹಿಡಿದಳು.

"ಏಳಿ, ಮಾವ," ಎಂದಳು.

ಅವನು ಎದ್ದ.